ಕಾಲೇಜು ನೋಡೋಕೆ ಮಕ್ಕಳ ಜೊತೆ ಹೋಗುವಾಗ

ಲ್ಯಾಬ್ ಚೆನ್ನಾಗಿತ್ತು. ಹೊಸ ಮೇಜು, ಹೊಳೆಯುವ ನೆಲ, ಸಾಲಾಗಿ ಜೋಡಿಸಿಟ್ಟ ಉಪಕರಣಗಳು. ತೋರಿಸುತ್ತಿದ್ದವರು ಒಂದೊಂದರ ಹೆಸರು ಹೇಳುತ್ತಾ ಮುಂದೆ ಹೋದರು. ನಾನು ತಲೆಯಾಡಿಸುತ್ತಾ ಹಿಂದೆ ಹೋದೆ. ಮಗಳು ಮಾತ್ರ ಅಲ್ಲೇ ಉಳಿದಿದ್ದಳು. ಸ್ಪೆಕ್ಟ್ರೋಫೋಟೋಮೀಟರ್ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ್ದ ರಿಜಿಸ್ಟರಿನ ಪುಟ ತಿರುವುತ್ತಿದ್ದಳು. ಉಪಕರಣ ಬಳಸಿದವರು ತಾರೀಕು, ಸಮಯ, ಹೆಸರು ಬರೆದು ಸಹಿ ಹಾಕುವ ಪುಸ್ತಕ ಅದು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು: "ಅಮ್ಮ, ಕೊನೇ ಎಂಟ್ರಿ ಆಗಿ ನಾಲ್ಕು ತಿಂಗಳಾಗಿದೆ. ಅದರ ಹಿಂದಿನದ್ದೆಲ್ಲ ಒಬ್ಬರದೇ ಸಹಿ."

ನಾನು ಇಪ್ಪತ್ತು ವರ್ಷದಿಂದ ಅಕೌಂಟ್ಸ್ ಕೆಲಸ ಮಾಡುವವಳು. ರಿಜಿಸ್ಟರ್ ಓದುವುದು ನನ್ನ ಕಸುಬು. ಆದರೂ ಅದು ಅವಳ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಆ ಉಪಕರಣದ ಮುಂದೆ ವರ್ಷಗಟ್ಟಲೆ ನಿಲ್ಲಬೇಕಾದವಳು ಅವಳು, ಅಲ್ವಾ?

ಮಗನ ಸಲ ಹೀಗಿರಲಿಲ್ಲ. ಅವನ ಜೊತೆ ಕಾಲೇಜು ನೋಡಲು ಹೋದಾಗ ಅಡ್ಮಿಷನ್ ಆಫೀಸಿನಲ್ಲಿ ಕೂತು ಪ್ರಶ್ನೆ ಕೇಳಿದ್ದೆಲ್ಲ ನಾನೇ. ಅವನು ಬ್ಯಾಗಿನ ಪಟ್ಟಿ ತಿರುವುತ್ತಾ ನನ್ನ ಹಿಂದೆ ನಿಂತಿದ್ದ. ಅಲ್ಲಿದ್ದವರು ಕೂಡ ನನ್ನ ಮುಖ ನೋಡಿಯೇ ಉತ್ತರ ಕೊಟ್ಟರು. ವಾಪಸ್ ಬರುವಾಗ "ಹೇಗನ್ನಿಸ್ತು?" ಅಂದೆ. "ನಿನಗೆ ಇಷ್ಟ ಆಯ್ತಲ್ಲ ಅಮ್ಮ, ಸಾಕು" ಅಂದ. ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡೆ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ವಿಷಯ ಬಿಟ್ಟು ಬೇರೆ ತೆಗೆದುಕೊಳ್ಳುತ್ತೇನೆ ಎಂದು ಅವನು ಅತ್ತಾಗ, ಆ ದಿನದ ಮಾತು ಮತ್ತೆ ಮತ್ತೆ ಕಿವಿಗೆ ಬಿತ್ತು. ಮಗಳ ಸಲ ಒಟ್ಟು ಐದು ಕಾಲೇಜು ನೋಡಿದೆವು. ಇಲ್ಲಿ ಬರೆಯುತ್ತಿರುವುದು ಬಹಳಷ್ಟು ಅವಳು ಕಲಿಸಿದ್ದು.

ಹೋಗುವ ದಿನ

ಕಾಲೇಜಿನವರೇ ಎಲ್ಲರನ್ನೂ ಕರೆಯುವ ದಿನ ಒಂದಿರುತ್ತದೆ. ಆ ದಿನ ಹೋಗಬೇಡಿ ಅನ್ನುವುದಿಲ್ಲ, ಒಂದೇ ದಿನದಲ್ಲಿ ಎಲ್ಲ ವಿಭಾಗದವರೂ ಸಿಗುತ್ತಾರೆ. ಆದರೆ ಅದು ಮದುವೆ ದಿನ ಮನೆ ನೋಡಿದ ಹಾಗೆ. ಮನೆಯವರು ದಿನಾ ಹೇಗಿರುತ್ತಾರೆ ಅಂತ ಗೊತ್ತಾಗಬೇಕಾದರೆ ಸುಮ್ನೆ ಒಂದು ಮಂಗಳವಾರವೋ ಬುಧವಾರವೋ ಹೋಗಬೇಕು. ಸೆಮಿಸ್ಟರ್ ಅರ್ಧ ಆಗಿರಬೇಕು. ಮೊದಲ ವಾರ ಎಲ್ಲರಿಗೂ ಉತ್ಸಾಹ, ಪರೀಕ್ಷೆ ಹತ್ತಿರ ಬಂದರೆ ಎಲ್ಲರ ಮುಖವೂ ಒಂದೇ ತರ. ರಜೆಯಲ್ಲಿ ಹೋದರೆ ಕಟ್ಟಡ ಮಾತ್ರ ಕಾಣುತ್ತದೆ.

ಮುಂಚೆ ಫೋನ್ ಮಾಡಿ ಹೇಳಿ ಹೋಗಿ. ಆ ಫೋನ್ ಮಕ್ಕಳೇ ಮಾಡಲಿ. ಮಗಳಿಗೆ ಮೊದಲ ಸಲ ಫೋನ್ ಹಿಡಿದಾಗ ಕೈ ನಡುಗಿತು. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು: ಯಾವ ದಿನ ಬರಬಹುದು, ಒಂದು ಕ್ಲಾಸಿನಲ್ಲಿ ಕೂರಲು ಬಿಡುತ್ತೀರಾ, ಹಾಸ್ಟೆಲ್ ಒಳಗೆ ನೋಡಬಹುದಾ. ಮೂರನೇ ಕಾಲೇಜಿನ ಹೊತ್ತಿಗೆ ಚೀಟಿ ಬೇಕಾಗಲಿಲ್ಲ. ಕಾಲೇಜಿನವರು ಹದಿನೇಳು ವರ್ಷದವರ ಫೋನಿಗೆ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದೂ ತಿಳಿಯುತ್ತದೆ. ಒಂದು ಕಡೆ "ಮನೇಲಿ ದೊಡ್ಡೋರಿದ್ರೆ ಕೊಡಮ್ಮ" ಅಂದರಂತೆ. ಅದನ್ನೂ ಬರೆದಿಟ್ಟುಕೊಂಡೆವು.

ದಿನಕ್ಕೆ ಒಂದೇ ಕಾಲೇಜು ನೋಡಿ. ಎರಡಾದರೆ ಯಾವ ಮೆಟ್ಟಿಲು ಯಾವ ಕಟ್ಟಡದ್ದು ಅಂತ ಸಂಜೆಗೆ ಕಲಸಿಹೋಗುತ್ತದೆ.

ಇನ್ನೊಂದು ಮಾತು, ಹವಾಮಾನದ್ದು. ಯೂರಿ ಸೈಮನ್ಸನ್ ಎಂಬ ಸಂಶೋಧಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓದಿನ ಭಾರ ಜಾಸ್ತಿ ಎಂದು ಹೆಸರಾದ ಒಂದು ಕಾಲೇಜನ್ನು ನೋಡಲು ಬಂದಿದ್ದ 1,284 ವಿದ್ಯಾರ್ಥಿಗಳ ಲೆಕ್ಕ ಅದು. ಬಂದ ದಿನ ಮೋಡ ಎಷ್ಟಿತ್ತು, ಆಮೇಲೆ ಆ ಕಾಲೇಜಿಗೆ ಸೇರಿದರಾ ಎಂದು ಹೋಲಿಸಿ ನೋಡಿದರು. ಬಿಸಿಲಿದ್ದರೆ ಕಾಲೇಜು ಇಷ್ಟವಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಸಿಕ್ಕಿದ್ದು ಅದರ ಉಲ್ಟಾ. ಮೋಡ ಜಾಸ್ತಿ ಇದ್ದ ದಿನ ಬಂದವರೇ ಜಾಸ್ತಿ ಸೇರಿದ್ದರು. ಮೋಡದ ಪ್ರಮಾಣ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಒಂದು ಮೆಟ್ಟಿಲು ಏರಿದರೆ, ನೂರಕ್ಕೆ ಒಂಬತ್ತು ಮಂದಿಯಷ್ಟು ವ್ಯತ್ಯಾಸ. ಮೋಡ ಕವಿದ ದಿನ ಒಳಗೆ ಕೂತು ಓದುವುದು ಹಿತವಾಗಿ ಕಾಣುತ್ತದೆ, ಹಾಗಾಗಿ ಓದಿನ ಕಾಲೇಜೂ ಹಿತವಾಗಿ ಕಾಣುತ್ತದೆ ಅನ್ನುವುದು ಅವರ ವಿವರಣೆ. ಇದನ್ನು ಓದಿದ ಮೇಲೆ ಮಗಳು ನೋಟ್‌ಬುಕ್ಕಿನಲ್ಲಿ ಪ್ರತಿ ಕಾಲೇಜಿನ ಮೊದಲ ಸಾಲಲ್ಲಿ ಹವಾಮಾನ ಬರೆಯತೊಡಗಿದಳು. ಎರಡು ಕಾಲೇಜನ್ನು ಹೋಲಿಸುವಾಗ ಆ ಸಾಲು ತುಂಬಾ ಕೆಲಸಕ್ಕೆ ಬಂತು.

ಮನೆಯಲ್ಲೇ ಮಾಡಬಹುದಾದ ಲೆಕ್ಕ

ಕೆಲಸ ಸಿಕ್ಕವರ ಸಂಬಳದ ಸರಾಸರಿಯನ್ನು ಕಾಲೇಜಿನವರು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಇದು ನನ್ನ ಕ್ಷೇತ್ರ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಒಂಬತ್ತು ಜನಕ್ಕೆ ತಿಂಗಳಿಗೆ 30 ಸಾವಿರ, ಒಬ್ಬರಿಗೆ 330 ಸಾವಿರ. ಒಟ್ಟು 600 ಸಾವಿರ, ಸರಾಸರಿ 60 ಸಾವಿರ. ಆ ಹತ್ತು ಜನರಲ್ಲಿ 60 ಸಾವಿರ ತೆಗೆದುಕೊಳ್ಳುವವರು ಒಬ್ಬರೂ ಇಲ್ಲ! ಅದಕ್ಕೇ ಮೀಡಿಯನ್ ಕೇಳಬೇಕು. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರ ಸಂಬಳ ಅದು. ಇಲ್ಲಿ 30 ಸಾವಿರ.

ಹಾಗೆಯೇ "ನೂರಕ್ಕೆ ತೊಂಬತ್ತು ಮಂದಿಗೆ ಕೆಲಸ" ಅಂತ ಕಂಡರೆ, ಯಾವ ನೂರು ಅಂತ ಕೇಳಿ. ಓದು ಮುಗಿಸಿದವರು 200, ಕೆಲಸಕ್ಕೆ ಹೆಸರು ಕೊಟ್ಟವರು 100, ಸಿಕ್ಕಿದ್ದು 90 ಮಂದಿಗೆ ಆಗಿದ್ದರೆ, ಮುಗಿಸಿದವರ ಲೆಕ್ಕದಲ್ಲಿ ಅದು ನೂರಕ್ಕೆ 45. ಎರಡೂ ಲೆಕ್ಕ ಸರಿ. ನಿಮಗೆ ಬೇಕಾದ್ದು ಎರಡನೆಯದು.

ಫೀಸಿನ ವಿಷಯ ಒಂದೇ ಮಾತು. ಕೋರ್ಸ್ ಮುಗಿಯುವವರೆಗೆ ವರ್ಷ ವರ್ಷಕ್ಕೆ ಏನೇನು ಕಟ್ಟಬೇಕು, ಲ್ಯಾಬ್, ಪರೀಕ್ಷೆ, ಹಾಸ್ಟೆಲ್, ಡೆಪಾಸಿಟ್ ಎಲ್ಲ ಸೇರಿಸಿ, ನಡುವೆ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂಬುದರ ಜೊತೆಗೆ, ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಬಾಯಿಮಾತು ಬೇಡ. ಆಫೀಸಿನಲ್ಲಿ ನಾನು ಮಾತಾಡಿದ್ದು ಇದೊಂದೇ ವಿಷಯಕ್ಕೆ. ಉಳಿದದ್ದನ್ನೆಲ್ಲ ಅವಳೇ ಕೇಳಿದಳು. ಹೋಗುವ ಮುಂಚೆಯೇ ಹೀಗೆ ಹಂಚಿಕೊಂಡಿದ್ದೆವು. ನಿಮ್ಮ ಮನೆಯಲ್ಲೂ ಹಂಚಿಕೊಳ್ಳಿ. ಹಿಂದಿನ ರಾತ್ರಿಯೇ ಯಾರು ಏನು ಕೇಳುವುದು ಅಂತ ತೀರ್ಮಾನ ಆಗಿದ್ದರೆ ಅಲ್ಲಿ ಹೋಗಿ ಬಾಯಿ ಹಾಕುವ ಪ್ರಶ್ನೆ ಬರುವುದಿಲ್ಲ.

ಒಳಗೆ ಹೋದ ಮೇಲೆ

ಗೇಟಿನ ಬಳಿ ಕಾಲೇಜಿನ ಹೆಸರಿನ ಫಲಕದ ಫೋಟೋ ತೆಗೆಯಿರಿ. ಆಮೇಲೆ ಫೋನಿನಲ್ಲಿ ನೂರಾರು ಫೋಟೋ ಸೇರಿದಾಗ ಎಲ್ಲಿಂದ ಎಲ್ಲಿಗೆ ಯಾವ ಕಾಲೇಜು ಅಂತ ಗೊತ್ತಾಗುತ್ತದೆ.

ಕ್ಯಾಂಪಸ್ ಅನ್ನುವುದು ಲ್ಯಾಟಿನ್ ಮಾತು, ಬಯಲು ಅಂತ ಅರ್ಥ. ಕಾಲೇಜಿನ ಜಾಗಕ್ಕೆ ಆ ಹೆಸರು ಮೊದಲು ಬಿದ್ದದ್ದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, 1774ರ ಸುಮಾರಿಗೆ. ಬಯಲು ಅಂದ ಮೇಲೆ ನಡೆಯಬೇಕು. ಹಳೇ ಚಪ್ಪಲಿಯೋ ಶೂವೋ ಹಾಕಿಕೊಂಡು ಹೋಗಿ.

ಕಾಲೇಜಿನವರು ತೋರಿಸುವುದನ್ನು ಮೊದಲು ನೋಡಿ ಮುಗಿಸಿ. ಆಮೇಲೆ ಒಂದು ಗಂಟೆ ನೀವಿಬ್ಬರೂ ಬೇರೆ ಬೇರೆ ಹೋಗಿ. ಇದು ಮುಖ್ಯ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅಲ್ಲಿನ ವಿದ್ಯಾರ್ಥಿಗಳು ನಮ್ಮ ಮಕ್ಕಳ ಜೊತೆ ಮಾತಾಡುವ ರೀತಿಯೇ ಬೇರೆ. ನಾವಿಲ್ಲದಾಗ ಇನ್ನೊಂದು. ಎಲ್ಲಿ ಸೇರುವುದು, ಎಷ್ಟು ಹೊತ್ತಿಗೆ ಅಂತ ಹೇಳಿ ಬಿಟ್ಟುಬಿಡಿ. ನಡುವೆ ಫೋನ್ ಮಾಡಬೇಡಿ.

ಆ ಒಂದು ಗಂಟೆ ನಾನು ನೋಟಿಸ್ ಬೋರ್ಡ್ ಓದುತ್ತಿದ್ದೆ. ಬೇರೆಯವರಿಗೆ ಬೇಜಾರಾಗಬಹುದು, ನನಗೆ ಅದರಷ್ಟು ನಂಬಿಕೆ ಇನ್ಯಾವುದರ ಮೇಲೂ ಇಲ್ಲ. ಮೊದಲು ತಾರೀಕು ನೋಡಿ. ಒಂದು ಕಾಲೇಜಿನಲ್ಲಿ ಚರ್ಚಾ ಸಂಘದ ಪೋಸ್ಟರ್ ಹಿಂದಿನ ವರ್ಷದ್ದು, ಅಂಚೆಲ್ಲ ಮುದುರಿತ್ತು. ಅದರ ಪಕ್ಕ ಹಾಜರಾತಿ ಕಡಿಮೆ ಇದ್ದವರ ಪಟ್ಟಿ ಮಾತ್ರ ಅದೇ ವಾರದ್ದು. ಇನ್ನೊಂದು ಕಾಲೇಜಿನಲ್ಲಿ ಬೋರ್ಡಿನಲ್ಲಿ ಪಿನ್ ಚುಚ್ಚಲು ಜಾಗವಿರಲಿಲ್ಲ. ಕಳೆದುಹೋದ ಕ್ಯಾಲ್ಕುಲೇಟರ್ ಸಿಕ್ಕಿದೆ ಬಂದು ತೆಗೆದುಕೊಳ್ಳಿ ಅಂತ ಒಂದು ಚೀಟಿ, ಭಾನುವಾರ ಚಾರಣಕ್ಕೆ ಹೆಸರು ಕೊಡಿ ಅಂತ ಇನ್ನೊಂದು, ಆಪ್ತಸಮಾಲೋಚಕರು ಸಿಗುವ ದಿನ ಮತ್ತು ಕೋಣೆ ಸಂಖ್ಯೆ ಬರೆದ ಹಾಳೆ. ಆ ಹಾಳೆಯ ಕೆಳಗೆ ಹರಿದು ತೆಗೆದುಕೊಂಡು ಹೋಗುವಂತೆ ಫೋನ್ ನಂಬರಿನ ಸಣ್ಣ ಪಟ್ಟಿಗಳಿದ್ದವು. ಅರ್ಧದಷ್ಟು ಹರಿದಿದ್ದವು. ನಾನು ಅದನ್ನು ತುಂಬಾ ಹೊತ್ತು ನೋಡಿದೆ. ಕಷ್ಟ ಇಲ್ಲದ ಕಾಲೇಜು ಎಲ್ಲಿದೆ? ಇಲ್ಲಿ ಕಷ್ಟ ಬಂದ ಮಕ್ಕಳು ಸಹಾಯ ಕೇಳುತ್ತಾರೆ ಅನ್ನುವುದು ಆ ಹರಿದ ಪಟ್ಟಿಗಳಲ್ಲಿ ಕಂಡಿತು. ಮಗನಿಗೆ ಇಂಥದ್ದೊಂದು ಹಾಳೆ ಸಿಕ್ಕಿದ್ದರೆ ಅಂತಲೂ ಅನ್ನಿಸಿತು.

ಆಫೀಸಿನಿಂದ ದೂರದ ಕಟ್ಟಡದ, ಮೇಲಿನ ಮಹಡಿಯ ಟಾಯ್ಲೆಟ್ಟಿಗೆ ಒಮ್ಮೆ ಹೋಗಿ ಬನ್ನಿ. ಕುಡಿಯುವ ನೀರಿನ ನಲ್ಲಿ ತಿರುಗಿಸಿ ನೋಡಿ.

ಕ್ಲಾಸಿನಲ್ಲಿ ಮಕ್ಕಳು ಕೊನೇ ಬೆಂಚಿನಲ್ಲಿ ಕೂರಲಿ. ಅಲ್ಲಿಗೆ ಪಾಠ ಕೇಳಿಸುತ್ತದಾ? ಬೋರ್ಡ್ ಕಾಣುತ್ತದಾ? ಯಾರಾದರೂ ಪ್ರಶ್ನೆ ಕೇಳಿದರಾ? ಕೇಳಿದಾಗ ಮೇಷ್ಟ್ರ ಮುಖ ಹೇಗಾಯಿತು? ಬೆಲ್ ಆದ ಮೇಲಿನ ಐದು ನಿಮಿಷವನ್ನೂ ಗಮನಿಸಲು ಹೇಳಿ. ಒಂದು ಕಡೆ ಬೆಲ್ ಆದ ತಕ್ಷಣ ಮೇಷ್ಟ್ರು ಪುಸ್ತಕ ಮುಚ್ಚಿ ಹೊರಟರಂತೆ. ಇನ್ನೊಂದು ಕಡೆ ಮೇಡಂ ಸುತ್ತ ಏಳೆಂಟು ಜನ ನಿಂತುಬಿಟ್ಟರು, ಅವರು ಅದೇ ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಸಲ ಲೆಕ್ಕ ಬಿಡಿಸಿ ತೋರಿಸಿದರು. ಮಗಳು ಅದನ್ನು ಹೇಳುವಾಗ ಅವಳ ಕೈ ಗಾಳಿಯಲ್ಲಿ ಬೋರ್ಡಿನ ಮೂಲೆ ತೋರಿಸುತ್ತಿತ್ತು.

ಲೈಬ್ರರಿಗೆ ಮಧ್ಯಾಹ್ನ ನಾಲ್ಕರ ಮೇಲೆ ಹೋಗಿ. ಎಷ್ಟು ಪುಸ್ತಕ ಇವೆ ಅಂತ ಕೇಳಿದರೆ ದೊಡ್ಡ ಸಂಖ್ಯೆ ಹೇಳುತ್ತಾರೆ. ಎಷ್ಟು ಕುರ್ಚಿ ತುಂಬಿವೆ ಅಂತ ನೋಡಿ. ಮೊದಲ ವರ್ಷದವರಿಗೆ ಮನೆಗೆ ಎಷ್ಟು ಪುಸ್ತಕ ಕೊಡುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ, ಪರೀಕ್ಷೆ ಸಮಯದಲ್ಲಿ ಹೆಚ್ಚು ಹೊತ್ತು ತೆಗೆದಿರುತ್ತಾರಾ ಎಂದು ಕೇಳಿ. ಲ್ಯಾಬಿನಲ್ಲಿ ಒಂದು ಉಪಕರಣಕ್ಕೆ ಎಷ್ಟು ಜನ ಅಂತ ಕೇಳಿ. ಐದಾರು ಜನ ಇದ್ದರೆ ಇಬ್ಬರು ಮಾಡುತ್ತಾರೆ, ಉಳಿದವರು ಅವರ ರೀಡಿಂಗ್ ಕಾಪಿ ಮಾಡುತ್ತಾರೆ. ರಿಜಿಸ್ಟರ್ ಇದ್ದರೆ, ನೋಡಬಹುದಾ ಅಂತ ಕೇಳಿ ನೋಡಿ.

ಅಲ್ಲಿ ಓದುವವರನ್ನು ಏನು ಕೇಳಬೇಕು

"ಕಾಲೇಜು ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ. ಅಪರಿಚಿತರ ಮುಂದೆ ಯಾರಾದರೂ ಅಷ್ಟೇ ಹೇಳುವುದು. ಮಗಳು ಎರಡನೇ ಕಾಲೇಜಿನಿಂದ ಪ್ರಶ್ನೆ ಬದಲಾಯಿಸಿದಳು. "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದ್ರಿ?" ಅಂತ ಕೇಳಿದಳು. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲ ಇರುತ್ತದೆ. ಎಷ್ಟು ಕ್ಲಾಸ್ ನಡೆದವು, ಊಟಕ್ಕೆ ಎಷ್ಟು ಹೊತ್ತು ಕಾದರು, ಸಂಜೆ ಯಾರ ಜೊತೆ ಇದ್ದರು, ಎಷ್ಟು ಹೊತ್ತಿಗೆ ಮಲಗಿದರು.

ಇನ್ನೆರಡು ಪ್ರಶ್ನೆ ಕೇಳುತ್ತಿದ್ದಳು. "ಒಂದು ಸಬ್ಜೆಕ್ಟ್ ಹೋದ್ರೆ ಆಮೇಲೆ ಏನಾಗುತ್ತೆ?" ಮತ್ತು "ನಿಮ್ಮ ಜೊತೆ ಸೇರಿದವರಲ್ಲಿ ಯಾರಾದ್ರೂ ಬಿಟ್ಟು ಹೋದ್ರಾ? ಯಾಕೆ?" ಎರಡನೆಯದಕ್ಕೆ ಉತ್ತರ ಹೇಳುವ ಮುಂಚೆ ಕೆಲವರು ಅತ್ತಿತ್ತ ನೋಡಿದರಂತೆ. ಕೆಲವರು ನೇರವಾಗಿ ಹೇಳಿದರು. ಒಬ್ಬರ ಮಾತನ್ನೇ ನಂಬಿಬಿಡಬೇಡಿ, ಬೇರೆ ಬೇರೆ ವರ್ಷದ ಮೂರು ನಾಲ್ಕು ಜನರನ್ನು ಕೇಳಿ. ಒಂದೇ ಮಾತು ಮೂರು ಬಾಯಲ್ಲಿ ಬಂದರೆ ಅದನ್ನು ಬರೆದುಕೊಳ್ಳಿ.

ಹಾಸ್ಟೆಲ್

ತೋರಿಸಲೆಂದೇ ಇಟ್ಟ ಕೋಣೆ ಒಂದಿರುತ್ತದೆ. ಯಾರಾದರೂ ಇರುವ ಕೋಣೆ ನೋಡಬಹುದಾ ಅಂತ ವಿನಯದಿಂದ ಕೇಳಿ. ಅಲ್ಲಿರುವವರು ಒಪ್ಪಿದರೆ ಮಾತ್ರ ಒಳಗೆ ಹೋಗಿ, ಮಕ್ಕಳನ್ನು ಮಾತ್ರ ಕಳಿಸಿದರೂ ಸಾಕು. ಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತದಾ, ಕಿಟಕಿ ತೆಗೆಯಲು ಆಗುತ್ತದಾ, ಬೆಂಕಿ ಬಿದ್ದರೆ ಇಳಿಯುವ ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕಿದ್ದಾರಾ ಎಂದು ನೋಡಲು ಹೇಳಿ. ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು ಅಂತ ವಾರ್ಡನ್‌ರನ್ನು ಕೇಳಿ. ಉತ್ತರದಲ್ಲಿ ಒಬ್ಬ ವ್ಯಕ್ತಿಯ ಹೆಸರು ಮತ್ತು ಒಂದು ಫೋನ್ ನಂಬರ್ ತಟ್ಟನೆ ಬರಬೇಕು. "ನೋಡಿಕೊಳ್ತೀವಿ ಬಿಡಿ" ಅಂದರೆ ಇನ್ನೊಮ್ಮೆ ಕೇಳಿ.

ಕತ್ತಲಾಗುವವರೆಗೂ ಇದ್ದು ಲೈಬ್ರರಿಯಿಂದ ಹಾಸ್ಟೆಲಿಗೆ ನಡೆದು ನೋಡಿ. ನಾವು ಒಂದು ಕಾಲೇಜಿನಲ್ಲಿ ಹಗಲು ನಡೆದಾಗ ಹನ್ನೊಂದು ನಿಮಿಷ ಹಿಡಿಯಿತು, ಮರಗಳ ಸಾಲು, ತಂಪಾದ ದಾರಿ. ಅದೇ ದಾರಿಯಲ್ಲಿ ಕತ್ತಲಾದ ಮೇಲೆ ಹೋದೆವು. ನಡುವೆ ಮೂರು ಕಂಬದ ದೀಪ ಉರಿಯುತ್ತಿರಲಿಲ್ಲ. ಅವಳು ನನ್ನ ತೋಳು ಹಿಡಿದುಕೊಂಡಳು. ಸ್ವಲ್ಪ ದೂರ ಹೋಗಿ "ಇಲ್ಲಿ ನಾನೊಬ್ಬಳೇ ಬರಲ್ಲ ಅಮ್ಮ" ಅಂದಳು. ಬೇರೆ ಹುಡುಗಿಯರು ಏನು ಮಾಡುತ್ತಾರೆ ಅಂತ ಮರುದಿನ ಫೋನ್ ಮಾಡಿ ಅವಳೇ ಕೇಳಿದಳು. ಒಂಬತ್ತಕ್ಕೆ ಗುಂಪು ಸೇರಿ ಹೊರಡುತ್ತಾರಂತೆ. ಅದೂ ಒಂದು ಉತ್ತರವೇ. ಆದರೆ ಲೈಬ್ರರಿ ಹನ್ನೊಂದರವರೆಗೆ ತೆಗೆದಿರುತ್ತದೆ ಅಂದಿದ್ದರಲ್ಲ, ಆ ಎರಡು ಗಂಟೆ ಅವಳ ಪಾಲಿಗೆ ಇಲ್ಲ ಅಂತಾಯಿತು.

ವಾಪಸ್ ಬರುವಾಗ

ಗೇಟು ದಾಟಿದ ಕೂಡಲೇ "ಹೇಗಿತ್ತು?" ಅಂತ ಕೇಳಬೇಡಿ. ನಿಮ್ಮ ಅಭಿಪ್ರಾಯವನ್ನಂತೂ ಹೇಳಲೇಬೇಡಿ. ಇಬ್ಬರೂ ಬೇರೆ ಬೇರೆ ಕೂತು ಹತ್ತು ನಿಮಿಷ ಬರೆಯಿರಿ. ಕಂಡದ್ದು, ಕೇಳಿದ್ದು, ಬೇಜಾರಾದದ್ದು. ಬರೆದು ಮುಗಿಸುವವರೆಗೆ ಮಾತಿಲ್ಲ.

ಯಾಕೆ ತಕ್ಷಣ ಬರೆಯಬೇಕು ಅನ್ನುವುದಕ್ಕೆ ಒಂದು ಪ್ರಯೋಗ ನೆನಪಿಗೆ ಬರುತ್ತದೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು ಮಾಡಿದ್ದು. 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಕೊನೇ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಜಾಸ್ತಿ ಹೊತ್ತಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ಅದೇ ನೆನಪಿನಲ್ಲಿ ಉಳಿಯಿತು. ಕಾಲೇಜು ಭೇಟಿಯಲ್ಲೂ ಹೀಗೇ. ಕೊನೆಯಲ್ಲಿ ಸಿಕ್ಕ ಒಬ್ಬ ಒಳ್ಳೆಯ ಹುಡುಗನ ಮಾತು, ಬೆಳಗ್ಗೆ ಆಫೀಸಿನಲ್ಲಿ ಒಂದೂವರೆ ಗಂಟೆ ಕಾಯಿಸಿದ್ದನ್ನು ಮರೆಸಿಬಿಡುತ್ತದೆ. ಬರೆದಿಟ್ಟರೆ ಎರಡೂ ಉಳಿಯುತ್ತವೆ.

ಆಮೇಲೆ ಅವರು ಮೊದಲು ಓದಲಿ. ನೀವು ನಂತರ. ನಮ್ಮಿಬ್ಬರ ಹಾಳೆ ಒಂದೇ ತರ ಇದ್ದದ್ದು ಐದರಲ್ಲಿ ಒಂದು ಕಾಲೇಜಿಗೆ ಮಾತ್ರ. ನನಗೆ ಹಿಡಿಸಿದ ಒಂದು ಕಡೆ ಅವಳು ಬರೆದದ್ದು ಎರಡೇ ಸಾಲು: "ಎಲ್ಲರೂ ಒಳ್ಳೆಯವರು. ಯಾರೂ ನನ್ನ ಹೆಸರು ಕೇಳಲಿಲ್ಲ." ನಾನು ವಾದ ಮಾಡಬೇಕು ಅಂತ ಬಾಯಿ ತೆರೆದವಳು ಸುಮ್ಮನಾದೆ. ನಿಜವಾಗಿಯೂ ಯಾರೂ ಕೇಳಿರಲಿಲ್ಲ.

ಮಕ್ಕಳು ಹೇಳುವ ಕಾರಣ ನಮಗೆ ಚಿಕ್ಕದಾಗಿ ಕಾಣಬಹುದು. ಒಂದು ಕಾಲೇಜಿನಲ್ಲಿ ಅವಳಿಗೆ ಇಷ್ಟವಾದದ್ದು ರಸಾಯನಶಾಸ್ತ್ರ ವಿಭಾಗದ ಹೊರಗಿನ ಉದ್ದ ಜಗುಲಿ, ಅಲ್ಲಿ ನೆಲದ ಮೇಲೆ ಕೂತು ಓದುತ್ತಿದ್ದ ಹುಡುಗ ಹುಡುಗಿಯರು. ಜಗುಲಿಗೋಸ್ಕರ ಕಾಲೇಜಾ ಅಂತ ನನಗೂ ಅನ್ನಿಸಿತು. ಆದರೆ ದಿನಾ ಕೂರುವವಳು ಅವಳು. ಹಾಗಾಗಿ ತಳ್ಳಿಹಾಕಲಿಲ್ಲ, ಪರೀಕ್ಷೆ ಮಾಡೋಣ ಅಂದೆ. ಮೊದಲು ಹೋದ ದಿನ ಆ ಕಾಲೇಜಿನ ಪುಟದ ಮೊದಲ ಸಾಲಿನಲ್ಲಿ "ಮೋಡ, ತಂಪು ಗಾಳಿ" ಅಂತಿತ್ತು.

ಕೊನೆಗೆ ಎರಡು ಕಾಲೇಜು ಉಳಿದಾಗ ಎರಡಕ್ಕೂ ಇನ್ನೊಮ್ಮೆ ಹೋಗಿ. ಈ ಸಲ ಮಕ್ಕಳು ಒಬ್ಬರೇ ಹೋಗಲಿ, ಇಲ್ಲ ಗೆಳೆಯರ ಜೊತೆ ಹೋಗಲಿ. ನೀವು ಗೇಟಿನವರೆಗೆ ಸಾಕು. ಜಗುಲಿ ಇದ್ದ ಕಾಲೇಜಿಗೆ ಅವಳು ಸುಡುಬಿಸಿಲಿನ ಒಂದು ಮಧ್ಯಾಹ್ನ ಆರಿಸಿಕೊಂಡು ಹೋದಳು. ನಾನು ಹೊರಗೆ ಮರದ ಕೆಳಗೆ ಕೂತಿದ್ದೆ. ಎರಡೂವರೆ ಗಂಟೆ ಆದ ಮೇಲೆ ಬಂದಳು, ಮುಖವೆಲ್ಲ ಬೆವರು. ಲ್ಯಾಬಿನ ರಿಜಿಸ್ಟರ್ ನೋಡಿದೆ, ಅವತ್ತಿನ ದಿನವೇ ಒಂಬತ್ತು ಸಹಿ ಇದ್ದವು ಅಂದಳು. ಆಮೇಲೆ ನೋಟ್‌ಬುಕ್ ತೆಗೆದು ಹಳೇ ಪುಟದ ಕೆಳಗೆ ಬರೆದಳು: "ಬಿಸಿಲು. ಜಗುಲಿಯಲ್ಲಿ ಇವತ್ತೂ ಜನ ಇದ್ದರು."